ಸುಮ್ನೆ ಮನೇಲಿ ಮಾಡಿದ್ದು

(ದಕ್ಷಿಣ ಕೊಡಗಿನಲ್ಲಿ, ಮನೆಯಿಂದಲೇ ವ್ಯಾಪಾರ ಮಾಡುವ ಸ್ವಸಹಾಯ ಸಂಘಗಳ ಮಹಿಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಬೆಳಿಗ್ಗೆ ನಾವೆಲ್ಲ ತಿಂದ ಪಾಪುಟ್ಟು, ಕಡಲೆ ಸಾರು ಚೆನ್ನಾಗಿತ್ತು, ಅಲ್ವಾ? ನಾನಂತೂ ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆಯುವಾಗ ಯಾರು ಮಾಡಿದ್ದು ಅಂತ ವಿಚಾರಿಸಿದೆ. ಮಾಡಿದ ಅಕ್ಕ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಎಂಬತ್ತು ಜನಕ್ಕೆ ಮಾಡಿದ್ದಾರೆ. ನಿನ್ನೆ ರಾತ್ರಿಯೇ ಅಕ್ಕಿ ತರಿ ಹಸನು ಮಾಡಿ, ಕಾಯಿ ತುರಿದು, ಕಡಲೆ ನೆನೆಹಾಕಿ, ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚಿದ್ದಾರೆ. ತಟ್ಟೆ ಮೇಲೆ ತಟ್ಟೆ ಹಬೆಯಲ್ಲಿ ಬೇಯಿಸಿ ಇಳಿಸಿದ್ದಾರೆ. "ಎಷ್ಟು ತಗೊಂಡ್ರಿ ಅಕ್ಕ?" ಅಂದೆ. "ಅಯ್ಯೋ, ಸುಮ್ನೆ ಮನೇಲಿ ಮಾಡಿದ್ದು. ಅದಕ್ಕೆಲ್ಲ ಏನು?" ಅಂತ ನಕ್ಕುಬಿಟ್ಟರು.

ಅಕ್ಕ, ನಾನು ನಿಮ್ಮನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಾನು ಮಾತಾಡುವಷ್ಟು ಹೊತ್ತು ನಿಮ್ಮ ಕೈಲಿರುವ ಆ ಆಮಂತ್ರಣದ ಹಿಂದುಗಡೆ ಲೆಕ್ಕ ಬರೆಯುತ್ತಾ ಇರಿ. ಅಕ್ಕಿ, ಕಾಯಿ, ಹಾಲು, ಗ್ಯಾಸು, ಆಟೋ ಬಾಡಿಗೆ, ನಿಮ್ಮ ನಿದ್ದೆ, ಎಲ್ಲ. ಕೊನೆಗೆ ನಿಮ್ಮ ಹತ್ತಿರ ಬರುತ್ತೇನೆ.

ಈ "ಸುಮ್ನೆ" ಅನ್ನುವ ಪದದ ಬಗ್ಗೆಯೇ ಇವತ್ತು ನನಗೆ ಮಾತಾಡಬೇಕಿರುವುದು. ನಾನು ಹದಿನಾಲ್ಕು ವರ್ಷದಿಂದ ಕಾಫಿ ಪುಡಿ, ಕಾಚಂಪುಳಿ ಅನ್ನುವ ನಮ್ಮ ಕಪ್ಪು ಹುಳಿ, ಕಣಿಲೆ (ಎಳೆ ಬಿದಿರು) ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇನೆ. ಮೊದಲ ಐದಾರು ವರ್ಷ ಯಾರು ಕೇಳಿದರೂ ನನ್ನ ಉತ್ತರ ಒಂದೇ: "ಸುಮ್ನೆ ಟೈಮ್‌ಪಾಸ್‌ಗೆ ಮಾಡ್ತೀನಿ." ಟೈಮ್ ಎಲ್ಲಿತ್ತು ನನ್ನ ಹತ್ತಿರ ಪಾಸ್ ಮಾಡಲಿಕ್ಕೆ? ಎರಡು ಸಣ್ಣ ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಕಾಫಿ ಕುಯಿಲು ಬಂತೆಂದರೆ ಆಳುಗಳ ಕಾಫಿ ತಿಂಡಿ. ಅದರ ನಡುವೆ ನಿದ್ದೆ ಕದ್ದು ಉಪ್ಪಿನಕಾಯಿ ಹಾಕುತ್ತಿದ್ದೆ. ಆದರೂ ಬಾಯಲ್ಲಿ ಬರುತ್ತಿದ್ದದ್ದು ಟೈಮ್‌ಪಾಸ್. ಗಂಡಸರು ಹಾಗೆ ಹೇಳುವುದನ್ನು ಕೇಳಿದ್ದೀರಾ? ನಾಲ್ಕು ಗಿಡ ಏಲಕ್ಕಿ ಇಟ್ಟವರೂ "ಪ್ಲಾಂಟರ್" ಅಂತ ಕಾರ್ಡ್ ಮಾಡಿಸುತ್ತಾರೆ. ನಗಬೇಡಿ, ನಮ್ಮ ಮನೆಯಲ್ಲೇ ಇದ್ದಾರೆ ಒಬ್ಬರು.

ನನ್ನ ಮೊದಲ ವ್ಯಾಪಾರ ಹೇಳುತ್ತೇನೆ. ರಸ್ತೆ ಬದಿಯಲ್ಲಿ ಮೇಜು ಹಾಕಿ ಕೂತಿದ್ದೆ. ಬೆಂಗಳೂರಿನವರ ಕಾರು ನಿಂತಿತು. ಒಬ್ಬರು ಇಳಿದು ಕಾಚಂಪುಳಿ ಬಾಟಲಿ ಎತ್ತಿ ನೋಡಿದರು. "ಎಷ್ಟು?" ಅಂದರು. "ನೂರೈವತ್ತು" ಅಂದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ ಇದ್ದರು, ಅಷ್ಟೇ. ಬಾಯಿ ಬಿಟ್ಟಿರಲಿಲ್ಲ. ನನಗೆ ಆ ಮೌನ ತಡೆಯಲಾಗಲಿಲ್ಲ. "ನೂರಿಪ್ಪತ್ತು ಕೊಡಿ ಸಾರ್" ಅಂದೆ. ಇನ್ನೂ ಸುಮ್ಮನೆ ನೋಡುತ್ತಿದ್ದರು. "ನೂರಕ್ಕೆ ತಗೊಳ್ಳಿ, ಪರವಾಗಿಲ್ಲ." ಅವರು ಆಶ್ಚರ್ಯದಿಂದ ನನ್ನ ಮುಖ ನೋಡಿ ನೂರು ಕೊಟ್ಟು ಹೋದರು. ಚೌಕಾಸಿ ಮಾಡಿದ್ದು ಅವರಲ್ಲ. ನಾನು, ನನ್ನ ಜೊತೆಗೇ. ಐವತ್ತು ರೂಪಾಯಿ ಕಳೆದುಕೊಂಡದ್ದು ಅರ್ಧ ನಿಮಿಷದಲ್ಲಿ.

ಆ ಬಾಟಲಿಯಲ್ಲಿ ಏನಿತ್ತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಪಣಪುಳಿ ಹಣ್ಣು ಉದುರುವುದು, ಜಿಗಣೆ ಕಚ್ಚಿಸಿಕೊಂಡು ಆರಿಸುವುದು, ಬುಟ್ಟಿಯಲ್ಲಿ ಹಾಕಿ ಕೆಳಗೆ ಪಾತ್ರೆ ಇಟ್ಟು ದಿನಗಟ್ಟಲೆ ರಸ ತೊಟ್ಟಿಕ್ಕಿಸುವುದು, ಆಮೇಲೆ ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಅದು ಕಪ್ಪಗೆ ಗಟ್ಟಿಯಾಗುವ ತನಕ ಕುದಿಸುವುದು. ಒಂದು ಕ್ಷಣ ಅತ್ತ ಹೋದರೆ ತಳ ಹಿಡಿಯಿತು. ಅದನ್ನೆಲ್ಲ ಅವರಿಗೆ ನಾನು ಹೇಳಲೇ ಇಲ್ಲ. ಹಾಗಾಗಿ ಅವರು ನೋಡಿದ್ದು ಬರೀ ಕಪ್ಪು ನೀರಿನ ಬಾಟಲಿ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಇರುವವರು ತೆಗೆಯಿರಿ. ನನ್ನ ಕಣಿಲೆ ಉಪ್ಪಿನಕಾಯಿಯ ಹಳೇ ಲೆಕ್ಕವನ್ನೇ ಹೇಳುತ್ತೇನೆ. ಒಂದು ಸಲಕ್ಕೆ ಕಾಲು ಕೆಜಿಯ ಇಪ್ಪತ್ತು ಬಾಟಲಿ. ಕಣಿಲೆಗೆ 600 ರೂಪಾಯಿ. ನಮ್ಮ ತೋಟದ ಬಿದಿರಿನದ್ದೇ ಆದರೂ 600 ಅಂತಲೇ ಬರೆದೆ, ಯಾಕೆಂದರೆ ಅದನ್ನು ಸಂತೆಗೆ ಕೊಟ್ಟಿದ್ದರೆ ಅಷ್ಟು ಬರುತ್ತಿತ್ತು. ಎಣ್ಣೆ, ಮೆಣಸಿನಪುಡಿ, ಸಾಸಿವೆ, ಬೆಳ್ಳುಳ್ಳಿ, ವಿನೆಗರ್ ಎಲ್ಲ ಸೇರಿ 700. ಬಾಟಲಿ, ಮುಚ್ಚಳ, ಲೇಬಲ್ಲು ಒಂದಕ್ಕೆ 18ರಂತೆ 360. ಗ್ಯಾಸು 100. ಒಟ್ಟು 1,760. ಬಾಟಲಿಗೆ 88 ರೂಪಾಯಿ ಬಿತ್ತು. ನಾನು 120ಕ್ಕೆ ಮಾರುತ್ತಿದ್ದೆ. 32 ರೂಪಾಯಿ ಲಾಭ ಅಂತ ಖುಷಿಯಾಗಿದ್ದೆ.

ಆದರೆ ಅಂಗಡಿಯವರಿಗೆ ಕೊಟ್ಟರೆ ಅವರಿಗೆ ನೂರಕ್ಕೆ 25 ಕಮಿಷನ್. 120ರಲ್ಲಿ 30 ಅವರಿಗೆ. ನನಗೆ 90. ಖರ್ಚು 88. ಉಳಿದದ್ದು ಎರಡು ರೂಪಾಯಿ. ಇಪ್ಪತ್ತು ಬಾಟಲಿಗೆ 40 ರೂಪಾಯಿ.

ಈಗ ನನ್ನ ಕೆಲಸ ಎಷ್ಟು ಹೊತ್ತು? ಕಣಿಲೆಯ ಸಿಪ್ಪೆ ಬಿಡಿಸಿ ಸಣ್ಣಗೆ ಹೆಚ್ಚುವುದಕ್ಕೇ ನಾಲ್ಕು ಗಂಟೆ. ಅದರ ಮೇಲಿನ ಸುಣೆ ಕೈಗೆ ಚುಚ್ಚಿ ತುರಿಸುತ್ತದೆ, ಅದರ ಲೆಕ್ಕ ಬಿಡಿ. ಮೂರು ದಿನ ನೀರಲ್ಲಿ ಹಾಕಿ ನೀರು ಬದಲಾಯಿಸುತ್ತಾ ಇರಬೇಕು, ಇಲ್ಲದಿದ್ದರೆ ಕಹಿ, ಹೊಟ್ಟೆಗೂ ಆಗುವುದಿಲ್ಲ. ಅದಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಹುರಿದು, ಒಗ್ಗರಿಸಿ, ಆರಿಸಿ, ತುಂಬುವುದು ನಾಲ್ಕು ಗಂಟೆ. ಬಾಟಲಿ ಕುದಿಸಿ ಒಣಗಿಸಿ ಲೇಬಲ್ ಅಂಟಿಸುವುದು ಎರಡು. ಅಂಗಡಿಗೆ ತಲುಪಿಸುವುದು ಒಂದು. ಒಟ್ಟು ಹನ್ನೆರಡು ಗಂಟೆ. ಹನ್ನೆರಡು ಗಂಟೆ ದುಡಿದದ್ದಕ್ಕೆ 40 ರೂಪಾಯಿ. ಆ ಮಧ್ಯೆ ತೋಟಕ್ಕೆ ಬರುವ ಹೆಂಗಸರಿಗೆ ಸಂಜೆ ಕೂಲಿ ಎಣಿಸಿ ಕೊಡುವವಳೂ ನಾನೇ! ಅವರ ಒಂದು ದಿನದ ಕೂಲಿ ಇಷ್ಟು ಅಂತ ನನಗೆ ಬಾಯಿಪಾಠ. ನನ್ನದು ಎಷ್ಟು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಆ ರಾತ್ರಿ ಲೆಕ್ಕದ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮತ್ತೆ ತೆರೆದೆ. ನನ್ನ ಕೂಲಿ ಗಂಟೆಗೆ 75 ಅಂತ ಇಟ್ಟುಕೊಂಡೆ. ಹನ್ನೆರಡು ಗಂಟೆಗೆ 900, ಬಾಟಲಿಗೆ 45. 88 ಮತ್ತು 45, 133 ಆಯಿತು. ಒಡೆಯುವ ಬಾಟಲಿ, ಬಸ್ಸು, ಫೋನು, ಕರೆಂಟು ಅಂತ 10. ಮುಂದಿನ ಮಳೆಗಾಲಕ್ಕೆ ಬಂಡವಾಳ ಬೇಕಲ್ಲ, ಅದಕ್ಕೆ 22. ನನ್ನ ಕೈಗೆ 165 ಬರಬೇಕು. ಅಂಗಡಿಯವರ ಕಾಲು ಭಾಗ ಕಳೆದು 165 ಉಳಿಯಬೇಕೆಂದರೆ ಲೇಬಲ್ ಮೇಲಿನ ಬೆಲೆ 220. ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. 165ಕ್ಕೆ ನೂರಕ್ಕೆ 25 ಸೇರಿಸಿ 206 ಅಂತ ಹಾಕುತ್ತಾರೆ. ಅಂಗಡಿಯವರು ಕಮಿಷನ್ ಹಿಡಿಯುವುದು ಲೇಬಲ್ ಬೆಲೆಯ ಮೇಲೆ, ನಿಮ್ಮ ಬೆಲೆಯ ಮೇಲಲ್ಲ. 165ನ್ನು ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿ, ಅಷ್ಟೇ.

120ರಿಂದ 220. ಹೇಳುವಾಗ ನನ್ನ ಗಂಟಲು ಒಣಗಿತ್ತು. ಅಂಗಡಿಯವರು "ಏನು ಅಕ್ಕ, ಚಿನ್ನ ಹಾಕಿದ್ದೀರಾ?" ಅಂದರು. ಇಪ್ಪತ್ತು ತಗೊಳ್ಳುತ್ತಿದ್ದವರು ಹನ್ನೆರಡು ಸಾಕು ಅಂದರು. ಬೇಜಾರಾಯಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಹಿಂದೆ ಇಪ್ಪತ್ತು ಬಾಟಲಿಗೆ ಸಾಮಾನಿನ ಖರ್ಚು ಕಳೆದು 40 ರೂಪಾಯಿ ಉಳಿಯುತ್ತಿತ್ತು. ಈಗ ಹನ್ನೆರಡು ಬಾಟಲಿಗೆ ಒಂದಕ್ಕೆ 77ರಂತೆ 924. ಕೆಲಸವೂ ಕಡಿಮೆ. ಎಂಟು ಬಾಟಲಿ ಕಮ್ಮಿ ಹೋದದ್ದಕ್ಕೆ ಬೇಜಾರು ಮಾಡಿಕೊಂಡವಳು ನಾನು!

ಇನ್ನೊಂದು ಮಾತು. ಅಂಗಡಿಯಲ್ಲಿ 220 ಇದ್ದರೆ ಮನೆಗೆ ಬಂದವರಿಗೂ 220. "ಮನೆಗೇ ಬಂದಿದ್ದಾರೆ, 165ಕ್ಕೆ ಕೊಡೋಣ" ಅಂತ ಅನ್ನಿಸುತ್ತದೆ. ಆ ಮಾತು ಒಂದು ವಾರದಲ್ಲಿ ಅಂಗಡಿಯವರಿಗೆ ತಲುಪುತ್ತದೆ. ಕೊಡಗು ಎಷ್ಟು ದೊಡ್ಡದಿದೆ ಹೇಳಿ. ಆಮೇಲೆ ಅವರು ನಿಮ್ಮ ಬಾಟಲಿಯನ್ನು ಕೆಳಗಿನ ಕಪಾಟಿಗೆ ತಳ್ಳುತ್ತಾರೆ. ಮನೆಯಲ್ಲಿ ಮಾರಿದಾಗ ಸಿಗುವ ಆ 55 ರೂಪಾಯಿ ನೀವು ಬಾಗಿಲಲ್ಲಿ ನಿಂತು ಮಾತಾಡಿದ್ದಕ್ಕೆ, ಕಾಫಿ ಕೊಟ್ಟದ್ದಕ್ಕೆ.

ಕಾಫಿ ಪುಡಿ ಮಾಡುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಆಹಾ. ಬೀಜ ಎಲ್ಲಿಂದ? "ಮನೇದೇ" ಅನ್ನುತ್ತೀರಿ. ಮನೆಯದು ಅಂದರೆ ಪುಕ್ಕಟೆ ಅಲ್ಲ. ಕಣದಿಂದ ನೀವು ತೆಗೆದುಕೊಂಡ ಆ ಹತ್ತು ಕೆಜಿಯನ್ನು ನಿಮ್ಮ ಯಜಮಾನರು ವ್ಯಾಪಾರಿಗೆ ಕೊಟ್ಟಿದ್ದರೆ ದುಡ್ಡು ಬರುತ್ತಿತ್ತು. ಆ ದಿನದ ರೇಟು ಬರೆದುಕೊಳ್ಳಿ. ಇನ್ನು ಹುರಿದಾಗ ತೂಕ ಇಳಿಯುತ್ತದೆ. ಹತ್ತು ಕೆಜಿ ಬೀಜ ಹುರಿದರೆ ಕೈಗೆ ಸಿಗುವುದು ಸುಮಾರು ಎಂಟೂವರೆ ಕೆಜಿ, ಕಡು ಹುರಿದರೆ ಇನ್ನೂ ಕಮ್ಮಿ. ಲೆಕ್ಕಕ್ಕೆ ಬೀಜ ಕೆಜಿಗೆ 400 ಅಂತ ಹಿಡಿಯಿರಿ. ಹತ್ತು ಕೆಜಿಗೆ 4,000. ಅದನ್ನು ಎಂಟೂವರೆಗೆ ಹಂಚಿದರೆ 470 ಆಯಿತು. ಒಲೆ ಹಚ್ಚಿದ್ದಕ್ಕೇ ಕೆಜಿಗೆ 70 ರೂಪಾಯಿ ಹೊಗೆಯಾಗಿ ಹೋಯಿತು. ಬೀಜದ ಬೆಲೆಗೆ ಐವತ್ತು ಸೇರಿಸಿ ಪುಡಿ ಮಾರುವವರು ನಷ್ಟಕ್ಕೆ ಮಾರುತ್ತಿದ್ದೀರಿ, ಗೊತ್ತಿಲ್ಲದೆ. ಚಿಕೋರಿ ಬೆರೆಸುವವರು ಎಷ್ಟು ಪಾಲು ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು. ನೂರಕ್ಕೆ 49ಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ಬೆರೆಸದೆ ಇರುವವರು ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ಅದು ನಿಮ್ಮ ಹೆಗ್ಗಳಿಕೆ. ಯಾಕೆ ಮುಚ್ಚಿಡುತ್ತೀರಿ?

ಮಳೆ ಜೋರಾಯಿತು. ಹಿಂದಿನವರಿಗೆ ಕೇಳುತ್ತಿದೆಯಾ? ಈ ಶೀಟಿನ ಮೇಲೆ ಮಳೆ ಬಿದ್ದರೆ ನನಗೆ 2018ರ ಆಗಸ್ಟ್ ನೆನಪಾಗುತ್ತದೆ. ನಿಮಗೂ ಆಗುತ್ತದೆ. ಗುಡ್ಡ ಜರಿದ ಆ ವರ್ಷ ಮನೆ ಕಳೆದುಕೊಂಡವರ ಮುಂದೆ ನಮ್ಮದು ಏನೂ ಅಲ್ಲ. ಆದರೆ ವ್ಯಾಪಾರದ ಮಾತು ಬಂದದ್ದಕ್ಕೆ ಹೇಳುತ್ತೇನೆ. ರಸ್ತೆಯಲ್ಲಿ ಒಂದು ಪ್ರವಾಸಿ ಕಾರು ಇಲ್ಲ. ಮಾಡಿಟ್ಟ ಮಾಲು ಹಾಗೇ ಕೂತಿತ್ತು. ಗಾಬರಿಯಾಗಿ ಅರ್ಧ ಬೆಲೆಗೆ ಕೊಟ್ಟುಬಿಟ್ಟೆ. ಮಾಲೇನೋ ಖಾಲಿಯಾಯಿತು. ಮುಂದಿನ ವರ್ಷ ಅದೇ ಗಿರಾಕಿಗಳು ಬಂದು "ಹೋದ ಸಲ ಇಷ್ಟಕ್ಕೇ ಕೊಟ್ಟಿದ್ರಲ್ಲ" ಅಂದರು. ಮಳೆ ಅವರಿಗೆ ಮರೆತು ಹೋಗಿತ್ತು, ಬೆಲೆ ಮರೆತಿರಲಿಲ್ಲ. ಹಳೇ ಬೆಲೆಗೆ ವಾಪಸ್ ಬರಲು ನನಗೆ ಎರಡು ವರ್ಷ ಹಿಡಿಯಿತು. ಈಗ ಅಂಥ ಸಂದರ್ಭ ಬಂದರೆ ಬೆಲೆ ಇಳಿಸುವುದಿಲ್ಲ. ಎರಡು ಬಾಟಲಿಗೆ ಒಂದು ಸಣ್ಣ ಪೊಟ್ಟಣ ಕರಿಮೆಣಸು ಕೊಡುತ್ತೇನೆ. ಪೊಟ್ಟಣ ನಿಲ್ಲಿಸಿದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಬೆಲೆ ಜಾಸ್ತಿಯಾಯಿತು ಅಂತ ಹೆದರಿ ಇನ್ನೊಂದು ಕೆಲಸವನ್ನೂ ಮಾಡುತ್ತೇವೆ. ಎಣ್ಣೆ ಕಮ್ಮಿ ಹಾಕಿ, ಅಗ್ಗದ್ದೊಂದು ಬೇರೆ ಮಾಡುತ್ತೇವೆ. ಲಿಜ್ಜತ್ ಹಪ್ಪಳದವರ ಕಥೆ ಗೊತ್ತಲ್ಲ? 1959ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಮಹಡಿ ಮೇಲೆ ಹಪ್ಪಳ ಲಟ್ಟಿಸಲು ಶುರು ಮಾಡಿದರು. ಅಷ್ಟು ಭಾಗವನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ನನಗೆ ಇಷ್ಟವಾದದ್ದು ಅದರ ಮುಂದಿನ ಸಣ್ಣ ಸಂಗತಿ. ಅವರೂ ಮೊದಲು ಒಂದು ಒಳ್ಳೇದು, ಒಂದು ಅಗ್ಗದ್ದು ಅಂತ ಎರಡು ಥರ ಮಾಡಿದ್ದರು. ಅವರಿಗೆ ದಾರಿ ಹೇಳುತ್ತಿದ್ದ ಹಿರಿಯರು ಎರಡು ಬೇಡ, ಒಂದೇ ಮಾಡಿ, ಗುಣಮಟ್ಟ ಮಾತ್ರ ಇಳಿಸಬೇಡಿ ಅಂದರು. ಆ ಒಂದೇ ಹಪ್ಪಳವನ್ನು ನಾವು ಇವತ್ತಿಗೂ ಇಲ್ಲಿ ಕೂತು ತಿನ್ನುತ್ತಿದ್ದೇವೆ.

ನಮ್ಮೂರಿನ ದೊಡ್ಡ ಕಷ್ಟ ಗಿರಾಕಿ ಅಲ್ಲ, ನೆಂಟರು. ಇಲ್ಲಿ ಯಾರನ್ನು ನೋಡಿದರೂ ಒಂದು ಕಡೆಯಿಂದ ಸಂಬಂಧ ಹೊರಡುತ್ತದೆ. ಮದುಮಗಳಿಗೆ ಕೊಡವ ಸೀರೆ ಉಡಿಸುವ ನನ್ನ ಗೆಳತಿ ಒಬ್ಬಳಿದ್ದಾಳೆ. ಹಿಂದುಗಡೆ ನೆರಿಗೆ ಸಮವಾಗಿ ಕೂರಿಸುವುದು, ಭುಜದ ಮೇಲೆ ಸೆರಗು ಪಿನ್ ಮಾಡುವುದು, ತಲೆಗೆ ವಸ್ತ್ರ ಕಟ್ಟುವುದು, ಎಲ್ಲದರಲ್ಲೂ ಅವಳ ಕೈ ಚಳಕ ನೋಡಬೇಕು. ಬೆಳಗ್ಗೆ ಕತ್ತಲಲ್ಲೇ ಮಂಟಪಕ್ಕೆ ಹೋಗಿ ಮದುಮಗಳಿಗೆ, ಅವಳ ಅಮ್ಮನಿಗೆ, ಚಿಕ್ಕಮ್ಮಂದಿರಿಗೆ, ಕೊನೆಗೆ ದಾರಿಯಲ್ಲಿ ಹೋಗುವವರಿಗೆಲ್ಲ ಉಡಿಸಿ ಬರುತ್ತಿದ್ದಳು. ಕೈಗೆ ಬರುತ್ತಿದ್ದದ್ದು ಒಂದು ಬ್ಲೌಸ್ ಪೀಸು, ತೆಂಗಿನಕಾಯಿ. ಅವಳ ಬೀರು ತೆರೆದು ತೋರಿಸಿದಳು ನನಗೆ. ಒಂದು ಕಪಾಟಿನ ತುಂಬಾ ಬ್ಲೌಸ್ ಪೀಸು, ಒಂದಕ್ಕೂ ಹೊಂದುವ ಸೀರೆ ಇಲ್ಲ. "ಇದು ನನ್ನ ಹತ್ತು ವರ್ಷದ ಸಂಬಳ ನೋಡು" ಅಂದಳು.

ನಾವಿಬ್ಬರೂ ಕೂತು ಒಂದು ಉಪಾಯ ಮಾಡಿದೆವು. ತೀರಾ ಹತ್ತಿರದವರಿಗೆ ಪೂರ್ತಿ ಉಡುಗೊರೆ. ಉಳಿದವರಿಗೆ ಪೂರ್ತಿ ಬೆಲೆ. ಅರ್ಧ ಬೆಲೆ ಅನ್ನುವುದು ಯಾರಿಗೂ ಇಲ್ಲ. ಅರ್ಧ ಬೆಲೆ ಕೊಟ್ಟವರಿಗೆ ತಾವು ದುಡ್ಡು ಕೊಟ್ಟಿದ್ದೇವೆ ಅನ್ನುವ ಹಕ್ಕು, ನಿಮಗೆ ಪುಕ್ಕಟೆ ಮಾಡಿದೆ ಅನ್ನುವ ಸಂಕಟ. ಎರಡೂ ಕಡೆ ಮನಸ್ಸು ಕೆಡುತ್ತದೆ. ಉಡುಗೊರೆ ಕೊಟ್ಟಾಗಲೂ ಅವಳು ಚೀಟಿ ಬರೆಯುತ್ತಾಳೆ. ಐದು ಸೀರೆ, ಇಷ್ಟು ರೂಪಾಯಿ, ಕೆಳಗೆ "ನನ್ನ ಕಡೆಯಿಂದ ಮದುವೆ ಉಡುಗೊರೆ". ಆ ಚೀಟಿ ಮಂಟಪದಲ್ಲಿ ಕೈಯಿಂದ ಕೈಗೆ ಹೋಗಿ ಅವಳಿಗೆ ಎಷ್ಟೋ ಮದುವೆ ತಂದುಕೊಟ್ಟಿದೆ. ಅವಳ ಕೆಲಸಕ್ಕೆ ಒಂದು ಬೆಲೆ ಇದೆ ಅಂತ ಜನಕ್ಕೆ ಗೊತ್ತಾದದ್ದೇ ಆಗ.

ಒಂದು ಆಟ ಆಡೋಣ. ಇಲ್ಲಿ ಮುಂದಿನ ಸಾಲಿನಲ್ಲಿ ಹಸಿರು ಸೀರೆಯವರು, ನೀವು ಏನು ಮಾಡುತ್ತೀರಿ? "ನಾನೇನಿಲ್ಲ ಮೇಡಂ, ಸುಮ್ನೆ ಚಾಕೊಲೇಟ್ ಮಾಡ್ತೀನಿ." ನೋಡಿ, ಬಂತು. ಎಷ್ಟು ವರ್ಷದಿಂದ? ಒಂಬತ್ತು. ಹೋದ ಡಿಸೆಂಬರಿನಲ್ಲಿ ಎಷ್ಟು ಮಾಡಿದಿರಿ? ಅರವತ್ತು ಕೆಜಿ! ಏನೇನು ಹಾಕಿ? ಕಾಫಿ ಬೀಜ, ಜೇನು, ಗಾಂಧಾರಿ ಮೆಣಸು. ಈಗ ಎದ್ದು ನಿಂತು ಹೀಗೆ ಹೇಳಿ: "ನಾನು ಒಂಬತ್ತು ವರ್ಷದಿಂದ ಚಾಕೊಲೇಟ್ ಮಾಡ್ತಿದ್ದೀನಿ. ಹೋದ ಡಿಸೆಂಬರಲ್ಲಿ ಅರವತ್ತು ಕೆಜಿ ಮಾಡಿದೆ. ನಮ್ಮ ತೋಟದ ಕಾಫಿ ಬೀಜದ ಚಾಕೊಲೇಟ್ ನನ್ನ ಸ್ಪೆಷಲ್." ಇದರಲ್ಲಿ ಜಂಬ ಎಲ್ಲಿದೆ? ಒಂದು ಸುಳ್ಳಿದೆಯಾ? ಬರೀ ಲೆಕ್ಕ ಇದೆ. ತಮ್ಮನ್ನು ತಾವು ಹೊಗಳಿಕೊಳ್ಳಲು ನಾಚಿಕೆ ಆಗುವವರು ಹೊಗಳಬೇಡಿ. ಎಷ್ಟು ವರ್ಷ, ಎಷ್ಟು ಕೆಜಿ, ಏನು ಹಾಕುತ್ತೀರಿ ಅಂತ ಹೇಳಿ ಸುಮ್ಮನಾಗಿ.

ಜಂಬದ ವಿಷಯ ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ಧೈರ್ಯ ಮಾಡಿ ಕೇಳಿ, ಎಲ್ಲ ಸರಿಯಾಗುತ್ತದೆ ಅಂತ ಭಾಷಣ ಮಾಡುವವರು ಈ ಭಾಗ ಬಿಟ್ಟುಬಿಡುತ್ತಾರೆ. ಅಮೆರಿಕದಲ್ಲಿ ಹಾನಾ ಬೌಲ್ಸ್, ಲಿಂಡಾ ಬ್ಯಾಬ್‌ಕಾಕ್ ಅಂತ ಇಬ್ಬರು ವಿದ್ವಾಂಸರು ಇದರ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2007ರಲ್ಲಿ ಬಂದ ಅವರ ಅಧ್ಯಯನದಲ್ಲಿ ಕಂಡದ್ದು ಇದು: ಸಂಬಳ ಜಾಸ್ತಿ ಬೇಕು ಅಂತ ಕೇಳಿದ ಗಂಡಸಿಗಿಂತ, ಹಾಗೆ ಕೇಳಿದ ಹೆಂಗಸಿನ ಬಗ್ಗೆ ಜನ ಜಾಸ್ತಿ ಮುಖ ಸಿಂಡರಿಸುತ್ತಾರೆ. ಹಾಗಾಗಿ ಕೇಳಲು ಹಿಂಜರಿಯುವುದು ನಮ್ಮ ದಡ್ಡತನ ಅಲ್ಲ. ಪೆಟ್ಟು ಬೀಳುತ್ತದೆ ಅಂತ ಗೊತ್ತಿದ್ದೇ ಹಿಂಜರಿಯುತ್ತೇವೆ. ಆದರೆ ಇಂಥದ್ದೇ ಅಧ್ಯಯನಗಳಲ್ಲಿ ಇನ್ನೊಂದೂ ಕಂಡಿದೆ. ಬೇರೆಯವರ ಪರವಾಗಿ ಕೇಳಬೇಕಾದಾಗ ಹೆಂಗಸರು ಚೆನ್ನಾಗಿಯೇ ಚೌಕಾಸಿ ಮಾಡುತ್ತಾರೆ.

ಇದಕ್ಕೆ ಅಮೆರಿಕ ಬೇಕಾ? ಗೋಣಿಕೊಪ್ಪ ಸಂತೆಯಲ್ಲಿ ತಂಗಿಗೆ ಸೀರೆ ತೆಗೆಸುವಾಗ ನಿಮ್ಮ ಬಾಯಿ ನೋಡಬೇಕು! ಅದೇ ಬಾಯಿ ಸ್ವಂತ ಮಾಲಿನ ಮುಂದೆ ಒಣಗುತ್ತದೆ. ಅದಕ್ಕೇ ನಮ್ಮ ಸಂಘದಲ್ಲಿ ಮೇಳಕ್ಕೆ ಹೋದಾಗ ಜಾಗ ಬದಲಾಯಿಸಿಕೊಂಡು ಕೂರುತ್ತೇವೆ. ನನ್ನ ಕಾಫಿ ಪುಡಿ ಮುಂದೆ ಜೇನಿನವಳು, ಅವಳ ಜೇನಿನ ಮುಂದೆ ನಾನು. "ಸ್ವಲ್ಪ ಕಮ್ಮಿ ಮಾಡಿ" ಅಂದರೆ "ಇದು ನಂದಲ್ಲ ಸಾರ್, ಅಕ್ಕನದು, ಕಮ್ಮಿ ಮಾಡೋ ಹಾಗಿಲ್ಲ" ಅಂತ ಸಲೀಸಾಗಿ ಬರುತ್ತದೆ. ಒಬ್ಬರೇ ಇರುವವರು ಬೆಲೆಯನ್ನು ಬೋರ್ಡಿನಲ್ಲಿ ಬರೆದು ತೂಗುಹಾಕಿ. ಬಾಯಲ್ಲಿ ಹೇಳಿದ ಬೆಲೆಗೆ ಚೌಕಾಸಿ ಜಾಸ್ತಿ, ಬರೆದ ಬೆಲೆಗೆ ಕಮ್ಮಿ. ಹೇಳಲೇಬೇಕಾಗಿ ಬಂದರೆ ಬೆಲೆ ಹೇಳಿ ನಾಲಗೆ ಕಚ್ಚಿಕೊಳ್ಳಿ. ಅವರು ಬಾಟಲಿ ತಿರುಗಿಸಿ ನೋಡಲಿ ಬಿಡಿ. ನೀವು ಮೇಜು ಒರೆಸಿ.

ಪ್ರಚಾರ ಅಂದ ಕೂಡಲೇ ಎಲ್ಲರೂ ಇನ್‌ಸ್ಟಾಗ್ರಾಂ ಅನ್ನುತ್ತಾರೆ. ನಾನು ಅದರಲ್ಲಿ ಅಷ್ಟಕ್ಕಷ್ಟೇ, ಮಗಳು ನೋಡಿಕೊಳ್ಳುತ್ತಾಳೆ. ನನಗೆ ಗೊತ್ತಿರುವುದು ವಾಟ್ಸಾಪ್ ಸ್ಟೇಟಸ್. ಬಾಟಲಿ ಸಾಲಾಗಿ ಜೋಡಿಸಿದ ಫೋಟೋ ಎಷ್ಟು ಹಾಕಿದರೂ ಯಾರೂ ಕೇಳಲಿಲ್ಲ. ಒಂದು ದಿನ ಕಾಚಂಪುಳಿ ಕುದಿಯುವಾಗ ಮಗಳು ವಿಡಿಯೋ ಮಾಡಿ ಹಾಕಿದಳು. ಕೆದರಿದ ತಲೆ, ಮಸಿ ಹಿಡಿದ ನೈಟಿ, ಹೊಗೆ. ಬೈದೆ ಅವಳಿಗೆ. ಸಂಜೆಯೊಳಗೆ ಹದಿನೇಳು ಬಾಟಲಿಗೆ ಆರ್ಡರ್. ಈಗಲೂ ಅದೇ ಮಾಡುತ್ತೇನೆ, ನೈಟಿ ಮಾತ್ರ ಒಗೆದದ್ದು. ಮಡಿಕೇರಿ ಪೇಟೆಯಲ್ಲಿ "ಕೂರ್ಗ್ ಹೋಂಮೇಡ್" ಅಂತ ಬೋರ್ಡ್ ಇಲ್ಲದ ಅಂಗಡಿ ಇದೆಯಾ? ಒಳಗಿರುವ ಮಾಲು ಎಲ್ಲೆಲ್ಲಿಂದ ಬರುತ್ತದೋ. ಅವರ ನಡುವೆ ನೀವೂ "ಕೂರ್ಗ್" ಅಂತ ಬರೆದರೆ ನೀವೂ ಅವರಲ್ಲಿ ಒಬ್ಬರು. ನಿಮ್ಮ ಊರಿನ ಹೆಸರು ಬರೆಯಿರಿ. ಯಾವ ಮಳೆಗಾಲದ್ದು, ಯಾವ ಕುಯಿಲಿನದ್ದು ಅಂತ ಬರೆಯಿರಿ. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಬಂತು. ಕಿತ್ತಳೆಗೆ ಅದಕ್ಕೂ ಎಷ್ಟೋ ಮೊದಲೇ ಬಂದಿದೆ. ನಮ್ಮ ನೆಲದ ಹೆಸರಿಗೇ ಬೆಲೆ ಇದೆ ಅಂತ ಸರ್ಕಾರ ಒಪ್ಪಿದೆ, ನಾವು ಒಪ್ಪಿಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ, ಇಲ್ಲದಿದ್ದರೆ ಊಟದ ಹೊತ್ತಿಗೆ ನಿದ್ದೆ ಮಾಡುತ್ತೀರಿ. ತಿನ್ನುವ ವಸ್ತು ಮಾರುವವರಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆಯವರ, ನೋಂದಣಿ ಬೇಕು. ನಾನು ಮಾಡಿಸಿದಾಗ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಎರಡು ಸಾವಿರ ಕೇಳುವ ಏಜೆಂಟರಿದ್ದಾರೆ, ಆಧಾರ್, ಪ್ಯಾನ್ ಹಿಡಿದು ನೀವೇ ಫೋನಿನಲ್ಲಿ ಮಾಡಬಹುದು. ಅದು ಯಾಕೆ ಬೇಕು ಅಂತ ನನಗೆ ಗೊತ್ತಾದದ್ದು ಒಂದು ರೆಸಾರ್ಟ್‌ನಿಂದ. ಹೆಸರು ಬೇಡ. ತಿಂಗಳಿಗೆ ಹದಿನೈದು ಕೆಜಿ ಕಾಫಿ ಪುಡಿ ತಗೊಂಡು ಆರು ತಿಂಗಳು ದುಡ್ಡು ಕೊಡಲಿಲ್ಲ. ಹೋದಾಗಲೆಲ್ಲ ಒಳ್ಳೇ ಕಾಫಿ ಕೊಡುತ್ತಿದ್ದರು, ನನ್ನದೇ ಪುಡಿಯದ್ದು. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯ ಪ್ರಕಾರ ನಮ್ಮಂಥ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು, ಅದೂ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು. ಈಗ ನನ್ನ ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಮತ್ತು "45 ದಿನ" ಅಂತ ಅಚ್ಚು ಹಾಕಿಸಿದ್ದೇನೆ. ಕೋರ್ಟು ಕಚೇರಿ ಏನೂ ಬೇಕಾಗಲಿಲ್ಲ. ಅಕೌಂಟ್ಸ್‌ನವರ ಕಣ್ಣಿಗೆ ಬಿದ್ದರೆ ಸಾಕು.

ಕೊನೆಯದು ಕ್ಯೂಆರ್ ಕೋಡ್. ನಿಮ್ಮ ಮೇಜಿನ ಮೇಲಿರುವ ಕೋಡು ಯಾರ ಹೆಸರಿನದ್ದು? ಕೈ ಎತ್ತುವುದು ಬೇಡ, ನನಗೆ ಗೊತ್ತು. ನನ್ನದೂ ಯಜಮಾನರ ಹೆಸರಿನಲ್ಲೇ ಇತ್ತು. ಅವರು ಒಳ್ಳೆಯವರೇ. ಗಿರಾಕಿ "ಎಷ್ಟು?" ಅಂದರೆ "ಎಷ್ಟಾದ್ರೂ ಕೊಡಿ" ಅನ್ನುವಷ್ಟು ಒಳ್ಳೆಯವರು. ನನ್ನ ಉಪ್ಪಿನಕಾಯಿ ದುಡ್ಡು ಅವರ ಖಾತೆಗೆ ಹೋಗಿ ಗೊಬ್ಬರಕ್ಕೆ, ಡೀಸೆಲ್‌ಗೆ ಕರಗುತ್ತಿತ್ತು. ಮನೆಗೇ ಹೋಯಿತಲ್ಲ ಅನ್ನಬಹುದು. ಹೋಯಿತು. ಆದರೆ ಗ್ರೈಂಡರಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ನನ್ನ ಪಾಸ್‌ಬುಕ್ ತಿರುಗಿಸಿ, "ನಿಮ್ಮ ವ್ಯಾಪಾರ ಇಲ್ಲಿ ಕಾಣ್ತಾ ಇಲ್ಲವಲ್ಲಮ್ಮ" ಅಂದರು. ಏಳು ವರ್ಷ ದುಡಿದಿದ್ದೆ. ಪುಸ್ತಕದಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟು ಏನೂ ಇರಲಿಲ್ಲ. ಮಾರನೇ ದಿನವೇ ಕೋಡು ಬದಲಾಯಿಸಿದೆ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಎಷ್ಟೋ ಜನ ಹೆದರಿ ಕೋಡು ಕಿತ್ತು ಹಾಕಿದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಶುರುವಾಗುವುದು ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದ ಮೇಲೆ, ಸೇವೆಗೆ 20 ಲಕ್ಷ. ನಮ್ಮಲ್ಲಿ ಅಷ್ಟು ದಾಟಿದವರು ಇದ್ದರೆ ಇಲ್ಲಿ ಬಂದು ನೀವೇ ಭಾಷಣ ಮಾಡಿ, ನಾನು ಕೆಳಗೆ ಕೂರುತ್ತೇನೆ. ಒಂದು ಎಚ್ಚರ: ನಮಗೆ ಕೇರಳ ಹತ್ತಿರ. ಹೊರರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಸಣ್ಣದಿದ್ದರೂ ನೋಂದಣಿ ಕೇಳುತ್ತಾರೆ. ಕಣ್ಣೂರಿಗೆ, ವಯನಾಡಿಗೆ ಮಾಲು ಕಳಿಸುವವರು ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿಕೊಂಡು ಕಳಿಸಿ.

ಸರಿ, ಅಕ್ಕ, ಎಲ್ಲಿದ್ದೀರಿ? ಲೆಕ್ಕ ಬರೆದಿರಾ? ತೋರಿಸಬೇಡಿ, ನನಗೆ ಹೇಳಲೂ ಬೇಡಿ. ಕಾರ್ಯಕ್ರಮ ಮಾಡಿಸಿದವರು ಅಲ್ಲಿ ಬಾಗಿಲ ಹತ್ತಿರ ನಿಂತಿದ್ದಾರೆ. ಅವರಿಗೆ ಹೇಳಿ. ಜೋರಾಗಿ, ಮಳೆ ಬರುತ್ತಿದೆ.

(ಅವರು ಎದ್ದು ನಿಂತರು. ಕಾಗದ ಒಮ್ಮೆ ನೋಡಿದರು. "ಎಂಬತ್ತು ಜನ. ಒಬ್ಬರಿಗೆ ಎಪ್ಪತ್ತರ ಹಾಗೆ, ಐದು ಸಾವಿರದ ಆರುನೂರು" ಅಂದರು.)

ಶ್, ಯಾರೂ ಮಾತಾಡಬೇಡಿ. ಅಕ್ಕ, ನೀವೂ ಅಷ್ಟೇ, ಕಮ್ಮಿ ಮಾಡಬೇಡಿ.

(ಸಭೆಯಲ್ಲಿ ಮಳೆಯ ಸದ್ದು ಬಿಟ್ಟು ಬೇರೆ ಇರಲಿಲ್ಲ. ಸಂಘಟಕರು ಕಿಸೆಯಿಂದ ಫೋನು ತೆಗೆದು, "ನಿಮ್ಮ ಯಜಮಾನರ ನಂಬರ್ ಇದೆ ನನ್ನ ಹತ್ತಿರ, ಅದಕ್ಕೇ ಹಾಕಲಾ?" ಅಂದರು. "ಅದಕ್ಕೆ ಬೇಡ ಅಣ್ಣ, ನನ್ನದು ಬರ್ಕೊಳ್ಳಿ" ಅಂದರು ಅಕ್ಕ.)